ಬೀಜ ಬಡಿಸುತ್ತಿದ್ದವರು

ಪಕ್ಕದ ಮನೆಯಲ್ಲಿದ್ದ ಅಂಕಲ್ ಹೋದ ಸುದ್ದಿ ಬಂದಾಗ ನಾನು ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುತ್ತಿದ್ದೆ. ಸ್ಯಾನ್ ಡಿಯಾಗೋದಿಂದ ಅವರ ಮಗಳು ಮೆಸೇಜು ಕಳಿಸಿದ್ದಳು. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲವಂತೆ. ಎಪ್ಪತ್ತೆಂಟು ವರ್ಷ. ಯಾರನ್ನು ಕೇಳಿದರೂ ಪುಣ್ಯದ ಸಾವು ಎನ್ನುತ್ತಾರೆ. ನನಗೆ ಮಾತ್ರ ಕಾರಿನ ಬಾಗಿಲು ತೆಗೆಯಲೂ ಕೈ ಬರಲಿಲ್ಲ. ಈ ಮನುಷ್ಯ ನನ್ನನ್ನು ಹೀಗೆ ಕೂತಲ್ಲೇ ಕೂರಿಸಿದ್ದು ಇದೇ ಮೊದಲಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕನ್ನಡದವರ ವಾಟ್ಸಪ್ ಗುಂಪಿನಲ್ಲಿ ಸಂತಾಪಗಳು ಸಾಲುಗಟ್ಟಿದ್ದವು. ಮಕ್ಕಳಿಗೆ ಕಾಗುಣಿತ ಕಲಿಸಿದವರು, ಯಾರ ಮನೆಯಲ್ಲಿ ಏನು ಕೆಲಸವಿದ್ದರೂ ಮೊದಲು ಬಂದು ಕೊನೆಗೆ ಹೋಗುತ್ತಿದ್ದವರು, ನಿಷ್ಠುರವಾದಿ, ಮಗುವಿನಂಥ ಮನಸ್ಸು. ಎಲ್ಲವೂ ನಿಜ. ಒಬ್ಬರು ಅವರ ಹಸಿರು ಲಾನಿನ ಹಳೆಯ ಫೋಟೊ ಹಾಕಿದ್ದರು. ಪಕ್ಕದ ಮನೆಯವಳು ನಾನು. ಎರಡು ವರ್ಷಕ್ಕೂ ಮೇಲೆ ಅವರ ಬೇಲಿಯ ಮೇಲಿನಿಂದ ಸಾರು, ಹುಳಿ, ಬೈಗುಳ ಎಲ್ಲ ಸ್ವೀಕರಿಸಿದವಳು. ನಾನೇ ಏನೂ ಬರೆಯಲಿಲ್ಲ. ಅವರ ಬಗ್ಗೆ ಬರೆಯುವುದಿದ್ದರೆ ಆ ಲಾನಿನಿಂದಲೇ ಶುರುಮಾಡಬೇಕು, ಅಷ್ಟೆಲ್ಲ ಆ ಗುಂಪಿನಲ್ಲಿ ಹಿಡಿಯುವುದಿಲ್ಲ.

ನಾವು ಈ ಬೀದಿಗೆ ಬಂದದ್ದು 2021ರಲ್ಲಿ. ಆಗಸ್ಟ್ ತಿಂಗಳು. ಹೊರಗೆ ಕಾಲಿಟ್ಟರೆ ಕಾದ ಹಂಚಿನ ಮೇಲೆ ಇಟ್ಟ ಹಾಗೆ. ನೀರಿಗೆ ಮಿತಿ ಇದ್ದದ್ದರಿಂದ ಬೀದಿಯವರೆಲ್ಲ ಹುಲ್ಲು ಕಿತ್ತು ಜಲ್ಲಿಕಲ್ಲು ಸುರಿದು, ನಡುವೆ ನಾಲ್ಕು ಪಾಪಾಸುಕಳ್ಳಿ ನೆಟ್ಟು ಕೈ ತೊಳೆದುಕೊಂಡಿದ್ದರು. ನಮ್ಮ ಮನೆ ಮುಂದೆಯೂ ಅದೇ. ನಮ್ಮ ಎಡಕ್ಕಿದ್ದ ಒಂದೇ ಮನೆಯಲ್ಲಿ ಹುಲ್ಲಿತ್ತು, ಬಿಸಿಲಿಗೆ ಅಲ್ಲಲ್ಲಿ ಸುಟ್ಟು ಬೋಳು ಬಿದ್ದ ಹುಲ್ಲು. ಆ ಬೋಳಿನ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ಹಳದಿ ಬಣ್ಣ ಹೊಳೆಯುವ ಕೂಲಿಯವರ ಜಾಕೆಟ್ಟು ತೊಟ್ಟು ಒಬ್ಬರು ನಿಂತಿದ್ದರು. ತೋಟದ ಕೆಲಸದವರಿರಬೇಕು ಅಂದುಕೊಂಡೆ. ನಾನು ಗಂಡನಿಗೆ, "ಪಾಪ ಈ ಬಿಸಿಲಲ್ಲಿ ಮುದುಕರನ್ನ ಕೆಲಸಕ್ಕೆ ಇಟ್ಕೊಂಡಿದಾರೆ ನೋಡಿ" ಎಂದೆ.

"ಮುದುಕನ ಮನೀನ ಇದು, ತಂಗಿ. ಸಂಬಳ ಯಾರು ಕೊಡ್ತಾರ?" ಎಂದು ಆ ಜಾಕೆಟ್ಟು ಧಾರವಾಡದ ಕಡೆಯ ಕನ್ನಡದಲ್ಲಿ ಕೇಳಿತು.

ನಾಚಿಕೆಯಿಂದ ನೀರಾಗಿ ಹೋದೆ. ಜಾಕೆಟ್ಟು ಸ್ಯಾನ್ ಪೀಡ್ರೊ ಬಂದರಿನದು. ಅಲ್ಲಿ ಹಡಗಿಗೆ ಯಾವ ಪೆಟ್ಟಿಗೆ ಎಲ್ಲಿ ಏರಬೇಕೆಂದು ಪಟ್ಟಿ ಮಾಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಇಲ್ಲಿಂದ ಅಲ್ಲಿಗೆ ದಿನಾ ಹೋಗಿಬರುವುದೆಂದರೆ ಇಲ್ಲಿಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಇವರು ಇಪ್ಪತ್ತಾರು ವರ್ಷ ಡ್ರೈವ್ ಮಾಡಿದ್ದರು. ಒಂದು ಟಿಕೆಟ್ಟಿಲ್ಲ, ಒಂದು ಗೀರಿಲ್ಲ. ಅದನ್ನು ಹೇಳುವಾಗ ಮಾತ್ರ ಮೀಸೆಯ ಮೇಲೆ ಕೈ ಹೋಗುತ್ತಿತ್ತು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಇಲ್ಲೇ ಹುಟ್ಟಿದ ಒಬ್ಬಳು ಮಗಳು ಸ್ಯಾನ್ ಡಿಯಾಗೋದಲ್ಲಿ ಡಾಕ್ಟರು. ಅವಳು "ಕಮ್ ಲಿವ್ ವಿತ್ ಮಿ, ಅಪ್ಪ" ಎನ್ನುವುದು, ಇವರು "ನನ್ನ ಹುಲ್ಲು ಯಾರು ನೋಡ್ತಾರವಾ" ಎನ್ನುವುದು, ವಾರಕ್ಕೊಮ್ಮೆ ಸ್ಪೀಕರ್ ಫೋನಿನಲ್ಲಿ ಇಡೀ ಬೀದಿಗೆ ಕೇಳಿಸುತ್ತಿತ್ತು.

ಹುಲ್ಲಿನ ಬೀಜ ಹಾಕುವುದು ಇಲ್ಲಿ ಅಕ್ಟೋಬರಿನಲ್ಲಿ. ಬಿಸಿಲಿನ ಸೊಕ್ಕು ಅಡಗಿರುತ್ತದೆ, ಮಣ್ಣು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಅಂಕಲ್ ಅದಕ್ಕೆ ನವರಾತ್ರಿಯ ಮೊದಲ ದಿನವನ್ನೇ ಹಿಡಿದಿದ್ದರು. ಅವರ ಊರಿನ ಕಡೆ ಅವತ್ತು ಘಟ ಹಾಕುತ್ತಾರಂತೆ: ದೇವರ ಮುಂದೆ ಮಣ್ಣು ಹರಡಿ, ಕಾಳು ಚೆಲ್ಲಿ, ನಡುವೆ ನೀರಿನ ಗಡಿಗೆ ಇಟ್ಟರೆ ಒಂಬತ್ತು ದಿನದಲ್ಲಿ ಬೆರಳುದ್ದ ಸಸಿ. "ನಮ್ಮವ್ವ ದೇವರ ಮನ್ಯಾಗ ಹಾಕತಿದ್ಲು, ನಾ ರಸ್ತಾದ ಕಡೆ ಹಾಕ್ತೀನಿ. ದೇವಿ ಎರಡೂ ಕಡೆ ಮೂಡತಾಳ" ಎನ್ನುತ್ತಿದ್ದರು.

ಅದರ ತಯಾರಿ ನೋಡಬೇಕು. ಇದ್ದ ಹುಲ್ಲನ್ನು ತಲೆಗೂದಲು ಸಣ್ಣದಾಗಿ ಕತ್ತರಿಸಿದಂತೆ ಕತ್ತರಿಸುವುದು. ಬೋಳು ಬಿದ್ದ ಕಡೆಯೆಲ್ಲ ಬಾಚಣಿಗೆಯಂತೆ ಹಲ್ಲುಗಳಿರುವ ಕೋಲಿನಿಂದ ಒಣಕಸ ಬಾಚಿ ಮಣ್ಣು ಸಡಿಲ ಮಾಡುವುದು. ಆಮೇಲೆ ಪಂಚೆಯ ಮಡಿಲಲ್ಲಿ ಬೀಜ ಕಟ್ಟಿಕೊಂಡು, ಮೊಣಕಾಲು ಬಾಗದ ಕಾರಣ ಒಂದು ಕುಳ್ಳ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಮನೆಗೆ ಬೆನ್ನು ಮಾಡಿ ಒಂದೊಂದು ಬೋಳಿನ ಮುಂದೆ ಕೂರುವುದು. ಅಂಗಡಿಯಲ್ಲಿ ಬೀಜ ಎರಚುವ ಗಾಲಿಗಾಡಿ ಸಿಗುತ್ತದೆ ಎಂದು ನನ್ನ ಗಂಡ ಒಮ್ಮೆ ಹೇಳಿ ಬೈಸಿಕೊಂಡರು.

"ಎರಚೂದಂದ್ರ ಏನು? ಕೋಳಿಗೆ ಎರಚತಾರ. ಬೀಜ ಬಡಸಬೇಕು. ಪಂಕ್ತ್ಯಾಗ ಕೂತವರಿಗೆ ಬಡಿಸಿದಂಗ. ಯಾರಿಗೂ ಹೆಚ್ಚಿಲ್ಲ, ಯಾರೂ ಉಪವಾಸ ಏಳಬಾರದು."

ಹಾಗೆಯೇ ಬಡಿಸುತ್ತಿದ್ದರು, ಮೂರು ಬೆರಳಲ್ಲಿ. ಮೇಲೆ ತೆಳುವಾಗಿ ಗೊಬ್ಬರ. ಆಮೇಲೆ ಎರಡು ವಾರ ದಿನಕ್ಕೆ ಮೂರು ಸಲ ಕೈಯಿಂದ ನೀರು ಚಿಮುಕಿಸುವುದು. ನೀರು ಸಾಕೇ ಬೇಕೇ ಎಂದು ಬರಿಗಾಲಲ್ಲಿ ಬಾಗಿಲ ಕಡೆಯ ಅಂಚಿನಲ್ಲಿ ನಡೆದು ನೋಡುತ್ತಿದ್ದರು. ಆ ದಿನಗಳಲ್ಲಿ ಪೋಸ್ಟಿನವನೂ ಅವರ ಮನೆಗೆ ಸುತ್ತು ಬಳಸಿ ಹೋಗಬೇಕಿತ್ತು.

ನನಗೆ ಕಾರು ಕಲಿಸಿದವರೂ ಅವರೇ. ಮೂವತ್ತಾರು ವರ್ಷವಾಗಿತ್ತು ನನಗೆ, ಬೆಂಗಳೂರಿನಲ್ಲಿ ಸ್ಕೂಟರು ಬಿಟ್ಟರೆ ಗೊತ್ತಿರಲಿಲ್ಲ, ಇಲ್ಲಿನ ಹೈವೇ ಎಂದರೆ ಹೆದರಿಕೆ. ಗಂಡನ ಹತ್ತಿರ ಕಲಿಯಲು ಹೋಗಿ ಎರಡು ದಿನ ಮಾತು ಬಿಟ್ಟಿದ್ದೆವು. ಕೊರೊನಾ ಕಾಲದಲ್ಲಿ ಖಾಲಿ ಬಿದ್ದಿದ್ದ ಆಫೀಸುಗಳ ಪಾರ್ಕಿಂಗಿಗೆ ಅಂಕಲ್ ನನ್ನನ್ನು ಕರೆದುಕೊಂಡು ಹೋದರು.

"ಆ ಮಿರರ್ ಮಾರಿ ನೋಡ್ಕೊಳ್ಳಾಕ ಅಲ್ಲವಾ, ಹಿಂದ ಯಾರು ಬರ್ತಾರ ನೋಡಾಕ," ಎಂದು ಶುರುಮಾಡಿ ನಾಲ್ಕು ತಿಂಗಳಲ್ಲಿ ನನ್ನನ್ನು ಒಬ್ಬಳೇ ಹೈವೇಗೆ ಏರಿಸಿದರು. ಲೈಸೆನ್ಸು ಬಂದ ದಿನ ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಕಾಲು ಹಿಂದೆಳೆದುಕೊಂಡು, "ನನಗ ಬ್ಯಾಡ. ರಸ್ತೇದಾಗ ಹೋಗೂ ಮಂದಿಗೆ ಮಾಡು. ಅವರ ಜೀವ ನಿನ್ನ ಕೈಯಾಗ ಅದ" ಎಂದರು.

ಅಂಥವರು ಪಸಡೀನಾದಲ್ಲಿ ಶನಿವಾರದ ಕನ್ನಡ ತರಗತಿಗೆ ಪಾಠ ಹೇಳಲು ಹೋಗುತ್ತಿದ್ದರೆ, ಜೊತೆಗೆ ನನ್ನ ಮಗಳು ಧಾತ್ರಿಯನ್ನು ಕಳಿಸುವುದಕ್ಕೆ ನಾನು ಯಾಕೆ ಯೋಚಿಸಲಿ? ನನಗೆ ಶನಿವಾರ ಬೆಳಿಗ್ಗೆ ಆಫೀಸಿನ ಕಾಲ್‌ಗಳು, ಗಂಡ ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ತರಗತಿ ಒಬ್ಬರ ಮನೆಯ ಗ್ಯಾರೇಜಿನಲ್ಲಿ, ಇಲ್ಲಿಂದ ಹೈವೇಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಎಂಟು ವರ್ಷದ ಧಾತ್ರಿ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದಳು, ಬರುವಾಗ ಎರಡು ಶೇಂಗಾ ಚಿಕ್ಕಿ ಮತ್ತು ಒಂದು ಧಾರವಾಡದ ಗಾದೆ ತರುತ್ತಿದ್ದಳು.

ಈಗ ಹೇಳಲು ಹೊರಟಿರುವುದು 2023ರ ನವರಾತ್ರಿಯ ಮಾತು. ಆ ವರ್ಷ ಬೇಸಿಗೆಯಲ್ಲಿ ಲಾನಿನಲ್ಲಿ ಏಳು ಕಡೆ ಬೋಳು ಬಿದ್ದಿತ್ತು. ಮೊದಲ ದಿನವೇ ಅಂಕಲ್ ಏಳಕ್ಕೂ ಬೀಜ ಬಡಿಸಿ ಮುಗಿಸಿದರು. ವಿಜಯದಶಮಿಯ ದಿನ ನಮ್ಮಲ್ಲಿ ಊಟಕ್ಕೆ ಕರೆದಿದ್ದೆ. ಅಂಗಡಿಯಿಂದ ಬಾಳೆಲೆ ತಂದು, ಪದ್ಧತಿಯಂತೆ ಎಡಕ್ಕೆ ಉಪ್ಪು, ಉಪ್ಪಿನಕಾಯಿ, ಚಟ್ನಿ, ಎರಡು ಕೋಸಂಬರಿ, ಬಲಕ್ಕೆ ಪಲ್ಯಗಳು ಎಂದು ಶಾಸ್ತ್ರಬದ್ಧವಾಗಿ ಬಡಿಸಿದ್ದೆ. ಎರಡು ತುತ್ತಾದ ಮೇಲೆ ಅಂಕಲ್ ತಲೆ ಎತ್ತಿ, "ಈ ವರ್ಷ ಉಪ್ಪಿನಕಾಯಿ ಹಾಕಿಲ್ಲೇನವಾ?" ಎಂದರು.

ಎಲೆಯ ಮೇಲೆ ಮಾವಿನಮಿಡಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹಿರಿಯರಿಗೆ "ಅಲ್ಲೇ ಇದೆಯಲ್ಲ" ಎನ್ನುವುದು ಹೇಗೆ? ಒಳಗಿಂದ ಮತ್ತೊಂದು ಮಿಡಿ ತಂದು ಬಲಕ್ಕೆ ಹಾಕಿದೆ. ಅದನ್ನು ಚಪ್ಪರಿಸಿ ತಿಂದರು. ಊಟ ಮುಗಿದಾಗ ಎಲೆಯ ಬಲಗಡೆ ತೊಳೆದಿಟ್ಟಷ್ಟು ಸ್ವಚ್ಛ, ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕೋಸಂಬರಿಗೆ ಸೌತೆಕಾಯಿ ಕೊಚ್ಚಿದವಳು ನಾನು. ನನಗೆ ಕೋಪವೇ ಬಂತು. ರುಚಿ ಹಿಡಿಸಲಿಲ್ಲವಾದರೆ ಬಾಯಿ ಬಿಟ್ಟು ಹೇಳಬಹುದಿತ್ತು ಎಂದು ಎರಡು ದಿನ ಮುನಿಸಿಕೊಂಡಿದ್ದೆ.

ಅದೊಂದೇ ಅಲ್ಲ. ಎಡಗೆನ್ನೆಯಲ್ಲಿ ಬಿಳಿ ಗಡ್ಡ ಉಳಿದಿರುತ್ತಿತ್ತು. ಒಂದು ಗೀರಿಲ್ಲದ ಕಾರಿನ ಎಡಗಡೆ ಕನ್ನಡಿ ತರಚಿಹೋಗಿತ್ತು. ಅಂಗಡಿಯ ಮುಂದೆ ಯಾರೋ ತಳ್ಳುಗಾಡಿ ತಾಗಿಸಿದರು ಎಂದಿದ್ದರು. ಎಲ್ಲವನ್ನೂ ನೋಡಿದ್ದೆ. ಯಾವುದನ್ನೂ ಕೇಳಿರಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ನನ್ನಂಥವರಿಗೇ.

ನವೆಂಬರಿನ ಮೊದಲ ಶನಿವಾರ. ಅಂಕಲ್ ಹಾರ್ನ್ ಮಾಡಿದರು, ಧಾತ್ರಿ ಚೀಲ ಹಾಕಿಕೊಂಡು ಓಡಿದಳು. ಕಾರಿನ ಕಿಟಕಿ ಇಳಿಸಿ, "ತಂಗಿ, ಇವತ್ತ ತಡಾ ಆತು. ಹತ್ತಕ್ಕ ಒಂದೀಟು ನೀರು ಚಿಮಕಸ್ತೀಯೇನು? ಹೋಗಿ ನೋಡು, ಹೆಂಗ ಬಂದದ! ಒಂದು ಕಡೆ ಬಿಟ್ಟಿಲ್ಲ" ಎಂದರು. ಮುಖದಲ್ಲಿ ಮದುವೆ ಮನೆಯ ಸಡಗರ.

ಹತ್ತಕ್ಕೆ ಕಾಲ್ ಮುಗಿಸಿ ಹೋದೆ. ನಮ್ಮ ಬೇಲಿಯ ಕಡೆಯಿಂದ ಓರೆಯಾಗಿ ಹಸಿರು ಮಾತ್ರ ಕಾಣುತ್ತಿತ್ತು. ಪೈಪು ಅವರ ಬಾಗಿಲ ಬಳಿ. ಅದನ್ನು ಬಿಚ್ಚಿಕೊಂಡು, ಅವರು ಬೀಜ ಹಾಕಲು ಕೂರುತ್ತಿದ್ದ ದಿಕ್ಕಿನಲ್ಲೇ, ಮನೆಗೆ ಬೆನ್ನು ಮಾಡಿ ನಿಂತೆ.

ಏಳು ಬೋಳುಗಳೂ ಅರ್ಧರ್ಧ ತುಂಬಿದ್ದವು. ಬಲಗಡೆ ಎರಡು ಅಂಗುಲ ಎಳೆಹುಲ್ಲು, ದಟ್ಟವಾಗಿ, ಒಂದು ಎಸಳು ಹೆಚ್ಚುಕಡಿಮೆಯಿಲ್ಲದೆ. ಎಡಗಡೆ ಬರೀ ಮಣ್ಣು. ನಡುವೆ ಚಾಕುವಿನಿಂದ ಕೊಯ್ದಷ್ಟು ನೇರ ಗೆರೆ. ಮೊದಲು ನಗು ಬಂತು. ಹಕ್ಕಿ ತಿಂದಿರಬೇಕು ಅಂದುಕೊಂಡೆ. ಎಲ್ಲ ಏಳರಲ್ಲೂ ಎಡಗಡೆಯನ್ನೇ ತಿನ್ನುವ ಹಕ್ಕಿ ಯಾವುದು? ಬಗ್ಗಿ ನೋಡಿದೆ. ಎಡಗಡೆ ಗೊಬ್ಬರವೂ ಬಿದ್ದಿರಲಿಲ್ಲ. ಬಾಚಿ ಸಡಿಲ ಮಾಡಿದ್ದ ಮಣ್ಣು ಹಾಗೆಯೇ ಗಟ್ಟಿಯಾಗಿತ್ತು. "ಒಂದು ಕಡೆ ಬಿಟ್ಟಿಲ್ಲ" ಎಂದವರು ಸುಳ್ಳು ಹೇಳುವವರಲ್ಲ. ಅವರಿಗೆ ಕಂಡಷ್ಟು ಜಾಗದಲ್ಲಿ ಬಿಟ್ಟಿರಲಿಲ್ಲ.

ಎಲೆ, ಗಡ್ಡ, ಕನ್ನಡಿ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಪೈಪು ಕೈಯಿಂದ ಜಾರಿ ನನ್ನ ಕಾಲ ಮೇಲೆಯೇ ನೀರು ಸುರಿಯುತ್ತಿತ್ತು. ಇವರಿಗೆ ಎಡಗಡೆ ಕಾಣುವುದಿಲ್ಲ. ನನ್ನ ಮಗಳು ಇವರ ಕಾರಿನಲ್ಲಿದ್ದಾಳೆ.

ಫೋನು ಮಾಡಿದೆ, ಎತ್ತಲಿಲ್ಲ. ಡ್ರೈವ್ ಮಾಡುವಾಗ ಅವರು ಎತ್ತುವುದಿಲ್ಲ, ಅಷ್ಟು ಶಿಸ್ತು. ತರಗತಿ ನಡೆಸುವ ಮನೆಯಾಕೆಗೆ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕರು. "ಬಂದಾಯ್ತಲ್ಲ ಆಗಲೇ. ಧಾತ್ರಿ ಹಾಡು ಹೇಳ್ತಿದಾಳೆ, ಕೇಳಿಸ್ಲಾ?" ಎಂದರು. ನಲ್ಲಿ ನಿಲ್ಲಿಸಿದೆ. ಒದ್ದೆ ಚಪ್ಪಲಿಯಲ್ಲೇ ಕಾರು ಹತ್ತಿದೆ. ದಾರಿಯುದ್ದಕ್ಕೂ ಎಡಗಡೆ ಲೇನಿನಲ್ಲಿ ಹೋಗುವ ಒಂದೊಂದು ಲಾರಿಯನ್ನೂ ಕತ್ತು ತಿರುಗಿಸಿ ನೋಡಿದೆ. ಹೀಗೆ ಎಷ್ಟು ಶನಿವಾರಗಳು ಎಂದು ಎಣಿಸಲು ಹೋಗಿ ಬಿಟ್ಟೆ.

ಇನ್ನು ಹೇಳಬೇಕಾದದ್ದನ್ನು ಹೇಳಲು ಇವತ್ತಿಗೂ ನಾಲಿಗೆ ಏಳುವುದಿಲ್ಲ. ಪಸಡೀನಾದ ಆ ಗ್ಯಾರೇಜಿನ ಬಾಗಿಲಲ್ಲಿ ಅಂಕಲ್ ನನ್ನನ್ನು ನೋಡಿ, "ಏನವಾ, ಇಲ್ಲಿತನಾ?" ಎಂದರು. ಸುತ್ತ ಹತ್ತು ಮಕ್ಕಳು, ನಾಲ್ಕು ಜನ ತಾಯಂದಿರು. ಎಲ್ಲರ ಎದುರು ಎಪ್ಪತ್ತಾರು ವರ್ಷದ ಮನುಷ್ಯನಿಗೆ, ನನಗೆ ಸ್ಟೇರಿಂಗು ಹಿಡಿಯಲು ಕಲಿಸಿದವರಿಗೆ, ಏನೆಂದು ಹೇಳಲಿ?

"ಧಾತ್ರೀಗೆ ಡೆಂಟಿಸ್ಟ್ ಹತ್ರ ಅಪಾಯಿಂಟ್‌ಮೆಂಟ್ ಇತ್ತು ಅಂಕಲ್, ಮರ್ತೇಬಿಟ್ಟಿದ್ದೆ. ಕರ್ಕೊಂಡು ಹೋಗ್ತೀನಿ" ಎಂದೆ.

"ಹೋಗಿ ಬಾ. ನನ್ನ ಪಾಠಾನೂ ಮುಗೀತು, ಹಿಂದಿಂದನ ಬರ್ತೀನಿ" ಎಂದರು.

ಮಗಳ ಕೈ ಹಿಡಿದು ನನ್ನ ಕಾರಿಗೆ ಹತ್ತಿಸಿಕೊಂಡೆ. ಬೆಲ್ಟು ಎರಡು ಸಲ ಎಳೆದು ನೋಡಿದೆ. ನನ್ನ ಮಗು ಉಳಿಯಿತು ಎಂದು ಉಸಿರು ಬಿಟ್ಟೆ. ಅವರನ್ನು ಒಬ್ಬರನ್ನೇ ಅದೇ ಹೈವೇಗೆ, ಅದೇ ಸಾವಿರಾರು ಕಾರುಗಳ ನಡುವೆ ಬಿಟ್ಟು ಹೊರಟಿದ್ದೇನೆ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ ಎಂದರೆ ನಂಬುವುದು ಕಷ್ಟ. ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕಿಟ್ಟೆ.

ಕನ್ನಡಿಯಲ್ಲಿ ಅವರ ಬೂದುಬಣ್ಣದ ಕಾರು ಹಿಂದೆಯೇ ಬರುತ್ತಿತ್ತು. ನಾನು ಬಲಬದಿಯ ಲೇನು ಬಿಡದೆ ನಿಧಾನ ಹೋದೆ, ಅವರೂ ಬಿಡಲಿಲ್ಲ. ದೇವರ ದಯೆಯಿಂದ ಹೈವೇ ಮುಗಿಯಿತು. ನಮ್ಮ ಬೀದಿಯ ತಿರುವಿನಲ್ಲಿ ಸ್ಟಾಪ್ ಬೋರ್ಡು. ನಾನು ನಿಂತು, ದಾಟಿ, ತಿರುಗಿದೆ. ಎಡಗಡೆಯ ಮೂಲೆಯಲ್ಲಿ ಒಬ್ಬಳು ಕೂಸಿನ ತಳ್ಳುಗಾಡಿ ಹಿಡಿದು ಕಾಯುತ್ತಿದ್ದಳು, ನಮ್ಮಿಂದ ನಾಲ್ಕು ಮನೆ ಆಚೆಯವಳು. ನಾನು ದಾಟಿದ ಮೇಲೆ ಅವಳು ರಸ್ತೆಗೆ ಇಳಿದದ್ದು ಕನ್ನಡಿಯಲ್ಲಿ ಕಂಡಿತು. ಅಂಕಲ್ ಕಾರು ನಿಂತಿತು. ಅವರು ಬಲಕ್ಕೆ ನೋಡಿದರು, ಮುಂದೆ ನೋಡಿದರು, ನೆಮ್ಮದಿಯಾಗಿ ಹೊರಟರು.

ಅವಳು ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಕೆಳಗೆ ಬಿದ್ದಳು. ನಡುವೆ ಒಂದು ಮೊಳವೂ ಇರಲಿಲ್ಲ. ಬಿದ್ದಲ್ಲಿಂದಲೇ ಚೀರಿ ಕಾರಿನ ಹಿಂಬದಿಗೆ ಅಂಗೈಯಿಂದ ಬಡಿದಳು. ಅಂಕಲ್ ನಿಲ್ಲಿಸಲಿಲ್ಲ, ಅವರ ಪಾಲಿಗೆ ಅಲ್ಲಿ ಏನೂ ನಡೆದಿರಲಿಲ್ಲ. ಮನೆ ಮುಂದೆ ಕಾರು ಇಟ್ಟು ನನಗೆ ಕೈ ಬೀಸಿ ಒಳಗೆ ಹೋದರು.

ನಾನು ಸ್ಟೇರಿಂಗಿನಿಂದ ಕೈ ತೆಗೆಯಲಾಗದೆ ಕೂತಿದ್ದೆ. ಹಿಂದಿನ ಸೀಟಿನಿಂದ ಧಾತ್ರಿ ತಣ್ಣಗೆ, ಎಂದಿನಂತೆ ಇಂಗ್ಲಿಷಿನಲ್ಲಿ, ಹೇಳಿದಳು: ಇವತ್ತು ನಾನು ಅವರ ಕಾರಿನಲ್ಲಿ ಇರಲಿಲ್ಲವಲ್ಲ ಅಮ್ಮ, ಅದಕ್ಕೇ ಹಾಗಾಯಿತು. ಎಡಗಡೆ ಏನಾದರೂ ಬಂದರೆ ನಾನು ಹೇಳಬೇಕು. ನಾನು ಅವರ ಕ್ಲೀನರ್.

"ಏನಂದೆ?"

"ಕ್ಲೀನರ್, ಅಮ್ಮ. ಲೈಕ್ ಇನ್ ದ ಬಸ್. 'ಎಡಕ್ಕ ಗಾಡಿ' ಅಂತ ಕೂಗ್ಬೇಕು. ಎರಡು ಚಿಕ್ಕಿ ಕೊಡ್ತಾರೆ."

ಎಂಟು ವರ್ಷದ ನನ್ನ ಮಗಳು ಎರಡು ಚಿಕ್ಕಿಗೆ ಹೈವೇಯಲ್ಲಿ ಅವರ ಎಡಗಣ್ಣಾಗಿದ್ದಳು. ಹಾಗಾದರೆ ಅವರಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನನಗೆ ಬಂದಂಥ ಸಿಟ್ಟು ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಮಗಳನ್ನು ಒಳಗೆ ಬಿಟ್ಟು ನೇರ ಅವರ ಮನೆಗೆ ನಡೆದೆ.

ಅಂಕಲ್ ಆಗಲೇ ಮತ್ತೆ ಕೀ ಹಿಡಿದು ಹೊರಗೆ ಬರುತ್ತಿದ್ದರು. ಗೊಬ್ಬರದ ಚೀಲ ತರಬೇಕಂತೆ. ನಾನು ಅವರ ಎಡಕ್ಕೆ ನಿಂತಿದ್ದೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ. ಏನೋ ಗುನುಗುತ್ತಾ ನನ್ನನ್ನು ದಾಟಿಯೇ ಹೋದರು. ಬಾಯಿಗೆ ಬಂದಿದ್ದ ಮಾತೆಲ್ಲ ಅಲ್ಲೇ ಸತ್ತುಹೋಯಿತು.

"ಅಂಕಲ್" ಎಂದೆ. ಬೆಚ್ಚಿ ತಿರುಗಿದರು. "ಚಪ್ಪಲಿ ಬಿಡಿ. ಲಾನಿಗೆ ಬನ್ನಿ."

"ಎಳೀ ಹುಲ್ಲವಾ, ತುಳೀಬಾರದು."

"ಇವತ್ತು ತುಳೀರಿ."

ನನ್ನ ಮುಖದಲ್ಲಿ ಏನು ಕಂಡಿತೋ, ಸುಮ್ಮನೆ ಚಪ್ಪಲಿ ಬಿಟ್ಟು ಬಂದರು. ಮೊದಲ ಬೋಳಿನ ಮೇಲೆ ಎರಡೂ ಕಾಲು ಇಡಿಸಿದೆ. ಬಲಗಾಲು ಹುಲ್ಲಿನ ಮೇಲೆ, ಎಡಗಾಲು ಮಣ್ಣಿನ ಮೇಲೆ. ಹುಬ್ಬು ಗಂಟಿಕ್ಕಿದರು. "ಹಕ್ಕಿ ತಿಂದಾವ" ಎಂದರು. ಎರಡನೆಯದರ ಮೇಲೆ ನಿಂತರು. ಮೂರನೆಯದಕ್ಕೆ ಬಂದಾಗ ನಿಲ್ಲಲಿಲ್ಲ, ನೋಯುವ ಮೊಣಕಾಲಲ್ಲೇ ಕೂತು ಅಂಗೈಯನ್ನು ಹುಲ್ಲಿನ ಮೇಲಿಂದ ನಿಧಾನವಾಗಿ ಎಡಕ್ಕೆ ಸರಿಸಿದರು. ಗೆರೆ ದಾಟಿ ಮಣ್ಣು ಸಿಕ್ಕಿತು. ಮತ್ತೆ ಸರಿಸಿದರು.

"ಎಲ್ಲಾ ಹಿಂಗ ಏನು?" ಎಂದರು.

"ಏಳೂ ಹೀಗೇ."

ಉಳಿದವುಗಳ ಹತ್ತಿರ ಹೋಗಲಿಲ್ಲ. ಕೂತಲ್ಲೇ ಹೇಳಿದರು. ಆಗಸ್ಟಿನಲ್ಲಿ ಒಂದು ದಿನ ತಲೆಸುತ್ತು ಬಂದು ಅಡುಗೆಮನೆಯಲ್ಲಿ ಬಿದ್ದಿದ್ದರಂತೆ. ಎದ್ದ ಮೇಲೆ ಎಡಗಡೆ ಸ್ವಲ್ಪ ಮಂಜು. ಮಗಳಿಗೆ ಹೇಳಿದರೆ ಸ್ಯಾನ್ ಡಿಯಾಗೋಗೆ ಎಳೆದೊಯ್ಯುತ್ತಾಳೆ, ಕತ್ತು ತಿರುಗಿಸಿ ನೋಡಿದರಾಯಿತು ಎಂದುಕೊಂಡಿದ್ದರು. "ಸ್ವಲ್ಪ ಅಂದ್ಕೊಂಡಿದ್ದೆ ತಂಗಿ. ಇಷ್ಟು ಅಂತ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ಗೊತ್ತು ಮಾಡ್ಕೊಳ್ಳಲೂ ಇಲ್ಲ. ಹುಡಿಗಿ ಗಾಡ್ಯಾಗ ಕೂತಿದ್ಲಲ್ಲ... ಖರೆ ಹೇಳ್ತೀನಿ, ಆಟ ಅಂತ ನನಗ ನಾನ ಹೇಳ್ಕೊಂಡಿದ್ದೆ." ಕೀಯನ್ನು ಹುಲ್ಲಿನ ಮೇಲಿಟ್ಟು ನನ್ನ ಕಡೆ ಸರಿಸಿದರು.

ನಾನು ಕೀ ಎತ್ತಿಕೊಂಡೆ. ಆಗ ಅವರು ಕೇಳಿದರು: "ಡೆಂಟಿಸ್ಟ್ ಅಂದಿದ್ದು?"

"ಸುಳ್ಳು."

"ಅಂದ್ರ ಅಷ್ಟೊತ್ತಿಗೇ ನಿನಗ ಗೊತ್ತಿತ್ತು."

ಹೌದೆಂದು ತಲೆಯಾಡಿಸಿದೆ.

"ನಿನ್ನ ಕೂಸಿನ್ನ ಇಳಿಸ್ಕೊಂಡಿ. ಛೊಲೋ ಮಾಡಿದಿ. ನನ್ನ ಯಾಕ ಹೋಗಗೊಟ್ಟೆವಾ? ರಸ್ತೇದಾಗ ಮಂದಿ ಇದ್ರಲ್ಲ."

"ಎಲ್ಲರ ಮುಂದೆ ಹೇಗೆ ಹೇಳೋದು ಅಂತ... ದಾಕ್ಷಿಣ್ಯ, ಅಂಕಲ್" ಎಂದೆ. ಹೇಳುವಾಗಲೇ ಆ ಮಾತು ಬಾಯಲ್ಲಿ ಕಹಿಯಾಯಿತು. ತಿರುವಿನಲ್ಲಿ ನಡೆದದ್ದನ್ನೂ ಹೇಳಿದೆ. ಕೂಸು, ಗಾಡಿ, ಕೆಳಗೆ ಬಿದ್ದ ತಾಯಿ. ಅವರಿಗೆ ಒಂದಿಷ್ಟೂ ತಿಳಿದಿರಲಿಲ್ಲ. ಮಣ್ಣು ಮೆತ್ತಿದ ಅಂಗೈಯನ್ನು ಕೊಡವಿಕೊಂಡರು.

ಆಮೇಲೆ ಎದ್ದು, "ನಡೀ, ಅಕಿ ಮನಿ ತೋರಿಸು" ಎಂದರು. ಕಾಲಿಗೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಎಡಗೈ ಹಿಡಿದು ನಡೆಸಿಕೊಂಡು ಹೋದೆ. ಬಾಗಿಲವರೆಗೆ ಹೋಗುವ ಧೈರ್ಯ ನನಗಾಗಲಿಲ್ಲ, ಫುಟ್‌ಪಾತಿನಲ್ಲೇ ನಿಂತೆ. ಅವರು ಒಬ್ಬರೇ ಹೋಗಿ ಬೆಲ್ಲು ಒತ್ತಿ, ಬಾಗಿಲು ತೆರೆದವಳ ಮುಂದೆ ನೆಟ್ಟಗೆ ನಿಂತು, ಕಾರು ಓಡಿಸಿದವನು ನಾನೇ, ನನಗೆ ಎಡಗಡೆ ಕಾಣುವುದಿಲ್ಲ, ನೀನು ನನಗೆ ಕಾಣಲಿಲ್ಲ, ಇನ್ನು ಓಡಿಸುವುದಿಲ್ಲ, ಪೊಲೀಸರಿಗೆ ಹೇಳುವುದಿದ್ದರೆ ಹೇಳು ಎಂದರು. ಅವಳು ಮೊದಲು ಕೂಗಾಡಿದಳು, ಆಮೇಲೆ ಅತ್ತಳು, ಕೊನೆಗೆ ಆ ಬರಿಗಾಲನ್ನು ನೋಡಿ ಒಳಗಿಂದ ನೀರು ತಂದುಕೊಟ್ಟಳು. ನನ್ನ ಹೆಸರನ್ನು ಅವರು ಎತ್ತಲಿಲ್ಲ.

ವಾಪಸು ಬರುವಾಗ ಹೇಳಿದರು: "ನಂದು ನಾ ಹೇಳಿ ಬಂದೆ. ನಿಂದು ನೀ ಹೇಳು."

"ನಾಳೆ ಹೇಳ್ತೀನಿ ಅಂಕಲ್" ಎಂದೆ.

ಆ ತಿಂಗಳ ಕೊನೆಗೆ ಮಗಳು ಬಂದು ಅವರನ್ನು ಕರೆದುಕೊಂಡು ಹೋದಳು. ಒಂದು ಮಾತೂ ಎದುರಾಡದೆ ಹೋದರು. ಮರುವರ್ಷ ನಾವು ನೋಡಲು ಹೋದೆವು. ಸ್ಯಾನ್ ಡಿಯಾಗೋದ ಆ ಮನೆಯ ಮುಂದೆ ಹಾಸಿದ್ದು ಪ್ಲಾಸ್ಟಿಕ್ ಹುಲ್ಲು. "ಇದಕ್ಕ ಉಪವಾಸ ಇಲ್ಲ, ಊಟಾನೂ ಇಲ್ಲ" ಎಂದು ನಕ್ಕರು. ಮಗಳು ಚಹಾ ತರಲು ಒಳಗೆ ಹೋದದ್ದೇ ತಡ, ನನ್ನ ಕಡೆ ಕತ್ತು ಪೂರ್ತಿ ತಿರುಗಿಸಿ, ದನಿ ತಗ್ಗಿಸಿ ಕೇಳಿದರು: "ಹೇಳಿದೇನವಾ ಅಕಿಗೆ?"

"ಹೇಳಿದೆ ಅಂಕಲ್" ಎಂದೆ.

ಅವರ ಭುಜ ಸಡಿಲಾಯಿತು. "ಛೊಲೋ ಆತು ತಂಗಿ. ಈಗ ನನಗ ಹಗರಾತು" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು.

ಆ ಕೂಸಿಗೆ ಈಗ ಎರಡು ದಾಟಿದೆ. ಸಂಜೆ ತಾಯಿಯ ಬೆರಳು ಹಿಡಿದು ನಮ್ಮ ಮನೆಯ ಮುಂದೆ ಹೋಗುತ್ತದೆ. ಆ ದಿನ ಕಣ್ಣು ಕಾಣದ ಮುದುಕರನ್ನು ಕೈಹಿಡಿದು ಕರೆತಂದವಳು ಎಂದು ತಾಯಿಗೆ ನನ್ನ ಮೇಲೆ ತುಂಬ ಗೌರವ. ಅವರು ತೀರಿಕೊಂಡರು ಎಂದು ಮೊನ್ನೆ ಹೇಳಿದಾಗ ನನ್ನನ್ನು ತಬ್ಬಿಕೊಂಡಳು. ಅಷ್ಟನ್ನೇ ಹೇಳಿದೆ, ನನ್ನದನ್ನು ಹೇಳಲಿಲ್ಲ.